ನಂದಿಗುಡಿ ಹಾಲಿನ ಹುಳಿ

ವಿದ್ಯಾನಗರ, ದಾವಣಗೆರೆ
೧೪ ಜುಲೈ ೨೦೨೫

ನನ್ನ ಪ್ರೀತಿಯ ಚಿಕ್ಕಮ್ಮನಿಗೆ ಸಹನಾಳ ನಮಸ್ಕಾರಗಳು.

ಹೆಂಗಿದ್ದೀ? ಮಂಡಿನೋವು ಕಮ್ಮಿ ಆತಾ? ಬಳ್ಳಾರಿ ಬಿಸಿಲು ನಿಂಗೆ ಆಗಿಬರಲ್ಲ, ಮಧ್ಯಾಹ್ನ ಹೊರಗೆ ತಿರುಗಬ್ಯಾಡ. ರೇವಂತನಿಗೆ ಫೋನ್ ಮಾಡಿದಾಗಲೆಲ್ಲ ‘ಅಮ್ಮ ಊರಿನ ಯಾರ ಫೋನೂ ಎತ್ತಲ್ಲ ಅಕ್ಕಾ, ನಿಂದೂ ಬ್ಯಾಡ ಅಂತಾಳೆ’ ಅಂತಾನೆ. ಕಾಗದ ಬಂದ್ರೆ ಓದದೆ ಇರೋ ಜೀವ ಅಲ್ಲ ನಿಂದು ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ. ನಂದಿಗುಡಿಯಲ್ಲಿ ಚಿಕ್ಕಪ್ಪ ಚೆನ್ನಾಗಿದ್ದಾನೆ. ರೊಟ್ಟಿ ಬಡಿಯೋಕೆ ಹೋಗಿ ಹಂಚಿನ ಮೇಲೆ ಕರ್ನಾಟಕದ ನಕಾಶೆ ಮಾಡಿದ್ನಂತೆ, ಈಗ ಮೂರು ಹೊತ್ತೂ ಅನ್ನ ಸಾರೇ. ಸಣ್ಣೆಮ್ಮೆ ಈದೈತೆ, ಹೆಣ್ಣುಗರು.

ನಿಂಗೆ ಗೊತ್ತಿಲ್ಲದ ಸುದ್ದಿ ಒಂದೈತೆ. ನೀನು ಊರು ಬಿಟ್ಟ ಮೇಲೆ ನನಗೆ ಕೆಲಸ ಸಿಕ್ತು. ಎಲ್ಲಿ ಗೊತ್ತಾ? ಹರಿಹರದಲ್ಲಿ, ನಮ್ಮೂರ ಡೈರಿಯ ಹಾಲು ಹೋಗುತ್ತಲ್ಲ, ಅದೇ ಕಂಪನಿಯ ಚಿಲ್ಲಿಂಗ್ ಸೆಂಟರಿನ ಲ್ಯಾಬಿನಲ್ಲಿ. ನೀನು ಡೈರಿ ಕಾರ್ಯದರ್ಶಿ ಆಗಿದ್ದಾಗ ನಿನ್ನ ಕ್ಯಾನುಗಳನ್ನು ‘ಹುಳಿ’ ಅಂತ ವಾಪಸ್ ಕಳಿಸಿದ ಜಾಗ. ಮೊದಲ ದಿನ ಆ ಗೇಟಿನ ಒಳಗೆ ಕಾಲಿಡೋಕೆ ಮನಸ್ಸೇ ಬರಲಿಲ್ಲ. ಬೇಸಿಗೆಯಲ್ಲಿ ಹಾಲು ಪದೇ ಪದೇ ವಾಪಸ್ ಬಂದಾಗ ಡೈರಿಗೆ ಹಾಲು ಹಾಕೋ ಕೊಟ್ರವ್ವ ಕಟ್ಟೆ ಮೇಲೆ ನಿಂತು, ‘ನಾಗರತ್ನಮ್ಮ ಉಳಿದ ಹಳೇ ಹಾಲು ಬೆರಸ್ತಾಳೆ, ಕಾರ್ಯದರ್ಶಿ ಆದ್ರೆ ಕೇಳೋರು ಇಲ್ವಾ’ ಅಂತ ಎಲ್ಲರ ಎದುರು ಅಂದದ್ದು, ನೀನು ಡೈರಿ ಬೀಗದ ಕೈ ಅಲ್ಲೇ ಇಟ್ಟು ರೇವಂತನ ಮನೆಗೆ ಅಂತ ಬಳ್ಳಾರಿ ಬಸ್ ಹತ್ತಿದ್ದು ನನ್ನ ಕಣ್ಣ ಮುಂದೇ ಇತ್ತು. ಆದರೂ ಹೋದೆ. ಬಿ.ಎಸ್ಸಿ. ಪರೀಕ್ಷೆಯ ದಿನ ಬಸ್ ತಪ್ಪಿದಾಗ ಹಾಲಿನ ಗಾಡಿ ನಿಲ್ಲಿಸಿ, ಕ್ಯಾನುಗಳ ನಡುವೆ ನನ್ನನ್ನು ಕೂಡ್ರಿಸಿ ಕಳಿಸಿದವಳು ನೀನು. ತಾಯಿ ಇಲ್ಲದ ನನಗೆ ಆ ಓದು ಕೊಟ್ಟವಳು ನೀನು. ಅದನ್ನು ಎಲ್ಲಾದರೂ ಉಪಯೋಗಿಸಬೇಕಲ್ಲ.

ಈಗ ನಡೆದದ್ದು ಕೇಳು. ನೀನು ಹೋದ ಮೇಲೆ ಕೊಟ್ರವ್ವನೇ ಕಾರ್ಯದರ್ಶಿ ಆದಳು. ಆಗಲೂ ಹಾಲು ವಾಪಸ್ ಬರೋದು ನಿಲ್ಲಲಿಲ್ಲ. ಹೋದ ವಾರ ಒಂದು ಬೆಳಿಗ್ಗೆ ಅವಳೇ ಹಾಲಿನ ಗಾಡಿಯಲ್ಲಿ ಬಂದು ಲ್ಯಾಬಿನ ಬಾಗಿಲಲ್ಲಿ ಕೂತುಬಿಟ್ಟಳು. ಅವತ್ತು ಪರೀಕ್ಷೆ ಮಾಡಿದವಳು ನಾನೇ. ಹಾಲಿಗೆ ಬಣ್ಣದ ಹನಿ ಹಾಕಿ, ಕ್ಷಾರದ ನೀರನ್ನು ಗಾಜಿನ ಕೊಳವೆಯಿಂದ ಹನಿ ಹನಿ ಬಿಡ್ತೀವಿ. ಹಾಲು ತಿಳಿಗುಲಾಬಿ ಆದಾಗ ನಿಲ್ಲಿಸ್ತೀವಿ. ಕ್ಷಾರ ಎಷ್ಟು ಹಿಡೀತೋ ಹಾಲಲ್ಲಿ ಅಷ್ಟು ಹುಳಿ. ನಮ್ಮೂರ ಹಾಲಿಗೆ ಶೇಕಡಾ 0.17 ಬಂತು. ನಮ್ಮಲ್ಲಿ 0.15 ದಾಟಿದ್ರೆ ತಗೊಳಲ್ಲ. ಹೇಳಿದ ಕೂಡಲೇ ಕೊಟ್ರವ್ವ ಅತ್ತಳು ಚಿಕ್ಕಮ್ಮ, ಆ ಕೊಟ್ರವ್ವ! ‘ನಾನೇ ನಿಂತು ಅಳೆಸೀನಿ, ನಾನೇ ತಂದೀನಿ, ಇದಕ್ಕೆ ಏನು ಬೆರಸ್ಲಿ ಯವ್ವಾ?’ ಅಂತ ಒಂದು ಚೊಂಬು ಹಾಲು ತಗೊಂಡು ಎದುರಿನ ಕ್ಯಾಂಟೀನಿನ ಒಲೆ ಮೇಲೆ ಇಡಿಸಿದಳು. ಹಾಲು ಉಕ್ಕಿತು, ಒಡೀಲಿಲ್ಲ. ವಾಸನೆಯೂ ಇಲ್ಲ.

ನನಗೆ ಕಸಿವಿಸಿ ಶುರುವಾತು. ಲೆಕ್ಕ ಹುಳಿ ಅನ್ನುತ್ತೆ, ಹಾಲು ಅಲ್ಲ ಅನ್ನುತ್ತೆ. ಹಾಗಾದರೆ ಅಳೆಯೋ ಕ್ಷಾರವೇ ಸರಿ ಇದೆಯಾ? ಅದರ ದೊಡ್ಡ ಬಾಟಲಿ ಯುಗಾದಿ ಹೊತ್ತಿಗೆ ಮಾಡಿಟ್ಟದ್ದು, ಬಿರಡೆ ಬಿರುಕು ಬಿಟ್ಟಿತ್ತು. ಗಾಳಿ ಆಡಿದ್ರೆ ಕ್ಷಾರದ ಸತ್ವ ಇಳಿಯುತ್ತೆ. ಸತ್ವ ಇಳಿದ ಕ್ಷಾರ ಜಾಸ್ತಿ ಹಿಡಿಯುತ್ತೆ, ಆಗ ಒಳ್ಳೇ ಹಾಲೂ ಹುಳಿಯಾಗಿ ಕಾಣುತ್ತೆ. ಆಕ್ಸಾಲಿಕ್ ಆಮ್ಲವನ್ನು ತೂಗಿ ಕರಗಿಸಿ, ಸತ್ವ ಎಷ್ಟು ಅಂತ ಗೊತ್ತಿರೋ ಆ ಆಮ್ಲದ ಎದುರು ನಮ್ಮ ಕ್ಷಾರವನ್ನು ಅಳೆದೆ. ಹತ್ತು ಪಾಲು ಇರಬೇಕಾದ ಕಡೆ ಎಂಟೇ ಪಾಲು ಇತ್ತು. ಹೊಸ ಕ್ಷಾರ ಮಾಡಿ ಅದೇ ಹಾಲು ಅಳೆದರೆ 0.14 ಕೂಡ ದಾಟಲಿಲ್ಲ. ಬೇರೆ ಊರಿನ ಹಾಲು ಯಾಕೆ ವಾಪಸ್ ಹೋಗಲಿಲ್ಲ ಅಂತೀಯಾ? ನಮ್ಮ ಗಾಡಿ ಎಲ್ಲರಿಗಿಂತ ತಡವಾಗಿ ಬರುತ್ತೆ. ಅಷ್ಟೊತ್ತಿಗೆ ಹಾಲಿನ ಹುಳಿ ಚೂರು ಏರಿರುತ್ತೆ, ಆದರೆ ಮಿತಿಯೊಳಗೇ. ಕೆಟ್ಟ ಕ್ಷಾರ ಅದನ್ನು ಗೆರೆ ದಾಟಿಸಿಬಿಡ್ತಿತ್ತು. ನಿನ್ನ ಹಾಲಿಗೂ ಹಿಂಗೇ ಆಗಿದ್ದು.

ಲ್ಯಾಬಿನ ಮುಖ್ಯಸ್ಥರು ಉಜ್ಜನಪ್ಪ ಸರ್. ಹೇಳಿದ್ರೆ ಸಿಟ್ಟಾಗ್ತಾರೆ, ಸೇರಿ ತಿಂಗಳಾಗಿಲ್ಲ, ಕೆಲಸ ಹೋದ್ರೂ ಹೋಯ್ತು ಅಂತ ಹೆದರ್ತಾನೇ ಎಲ್ಲ ಹೇಳಿದೆ, ನಿನ್ನ ವಿಷಯವನ್ನೂ. ಅವರು ಪೂರಾ ಕೇಳಿದರು. ತಾವೇ ಕೂತು ಮತ್ತೆ ಅಳೆದರು. ಆಮೇಲೆ ಕನ್ನಡಕ ತೆಗೆದು, ‘ಬಾಟಲಿ ನೋಡ್ಕೋಬೇಕಾದವನು ನಾನು ಕಣಮ್ಮ. ಆ ಊರಿನ ಹೆಣ್ಮಕ್ಕಳಿಗೆ ನಾನೇ ಹೋಗಿ ಹೇಳ್ಬೇಕು’ ಅಂದರು. ಶನಿವಾರ ನನ್ನ ಜೊತೆ ನಂದಿಗುಡಿ ಬಸ್ ಹತ್ತಿದರು. ಡೈರಿ ಕಟ್ಟೆ ಹತ್ರ ಹಾಲು ಹಾಕೋ ಎಲ್ಲ ಹೆಂಗಸರೂ ಸೇರಿದ್ದರು. ಅಷ್ಟು ಜನರ ಎದುರು, ‘ತಪ್ಪು ನಮ್ಮ ಲ್ಯಾಬಿಂದು. ನಾಗರತ್ನಮ್ಮನೋರ ಹಾಲಲ್ಲಿ ದೋಷ ಇರಲಿಲ್ಲ. ಕ್ಷಮಿಸ್ರಿ’ ಅಂತ ಕೈ ಮುಗಿದರು. ಚಿಕ್ಕಪ್ಪ ಗೋಡೆಗೆ ಒರಗಿ ನಿಂತಿದ್ದ. ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಂಥ ಮನುಷ್ಯರ ಕೈಕೆಳಗೆ ಕೆಲಸ ಸಿಕ್ಕದ್ದು ನನ್ನ ಪುಣ್ಯ. ಅದಕ್ಕಿಂತ ದೊಡ್ಡ ಪುಣ್ಯ, ನೀನು ಓದಿಸಿದ್ದು ನಿನ್ನ ಕೆಲಸಕ್ಕೇ ಬಂತಲ್ಲ. ಅವತ್ತಿಂದ ಒಂಥರಾ ಹಗುರಾಗಿದ್ದೀನಿ.

ಮಾತ್ರೆ ಬಿಡಬ್ಯಾಡ. ರೇವಂತನಿಗೂ ಅವನ ಹೆಂಡತಿಗೂ ನಾನು ಕೇಳಿದೆ ಅಂತ ಹೇಳು. ನಿನ್ನ ಕಾಲಿಗೆ ಬಿದ್ದೆ ಅಂತ ತಿಳಿದು ಹರಸು.

ನಿನ್ನ ಮಗಳು,
ಸಹನಾ

ಮರೆತಿದ್ದೆ: ಬರೋ ಭಾನುವಾರ ಕೊಟ್ರವ್ವ ಬಳ್ಳಾರಿಗೆ ಬರ್ತಿದ್ದಾಳೆ. ‘ಹೇಳಬ್ಯಾಡ, ಹೇಳಿದ್ರೆ ಎಲ್ಲಾದ್ರೂ ಹೋಗಿಬಿಡ್ತಾಳೆ’ ಅಂದಿದ್ದಳು. ನಿನಗೆ ಹೇಳದೆ ಇರೋಕೆ ನನ್ನಿಂದ ಆಗಲಿಲ್ಲ. ಆಡಿದ ಮಾತು ವಾಪಸ್ ತಗೋಬೇಕಂತೆ, ನಿನ್ನನ್ನು ಕರ್ಕೊಂಡೇ ಹೋಗ್ಬೇಕಂತೆ. ಬರೋದು ಬಿಡೋದು ನಿನ್ನಿಷ್ಟ. ಬೈಯಬೇಕು ಅನಿಸಿದ್ರೆ ಬೈಯಿ, ಅವಳೂ ಅದಕ್ಕೆ ತಯಾರಾಗೇ ಬರ್ತಾಳೆ. ಬಾಗಿಲು ಮಾತ್ರ ತೆಗಿ ಚಿಕ್ಕಮ್ಮ.