ಅಟ್ಟದ ಮೇಲಿನ ಲೀಡರ್

ನವೆಂಬರ್ 4, ಮಂಗಳವಾರ

ಕಾಫಿಗಿಟ್ಟ ಹಾಲು ಉಕ್ಕಿತು, ಎಂದಿನಂತೆ. ಪೇಪರಿನಲ್ಲಿ ಲೆಬನಾನ್ ವಿಷಯ. ಅಲ್ಲಿನ ಪುಢಾರಿಗಳಿಗೆ ದುಡ್ಡು ಸುರಿದೂ ಸುರಿದೂ ಕೊಲ್ಲಿಯ ಎಣ್ಣೆ ಸಾಹುಕಾರ ದೇಶಗಳು ಕೈ ಎತ್ತಿವೆಯಂತೆ. ಬಿ.ಎ.ಯಲ್ಲಿ ಮೇಷ್ಟ್ರು ಹೇಳೋರು — ಫಾರಿನ್ ಪಾಲಿಸಿ ಈಸ್ ನಾಟ್ ಚಾರಿಟಿ, ಇಟ್ ಈಸ್... ಮುಂದಿನದು ಮರೆತಿದೆ. ಪಾಸಂತೂ ಆದೆ.

ಇಲ್ಲೂ ಅದೇ ಕಥೆ. ಹೆಂಡತಿಯ ತಮ್ಮ ರಂಗನಾಥ್ ನಮ್ಮೂರ ಲೀಡರ್. ಕಾರು, ಗರಿಗರಿ ಬಿಳಿ ಬಟ್ಟೆ, ಹಿಂಬಾಲಕರ ಬಾಡೂಟ — ಎಲ್ಲಾ ಕೆಳಗಿನೂರ ಕೊಬ್ಬರಿ ಸಾಹುಕಾರ ವೀರಭದ್ರಯ್ಯನವರ ಖರ್ಚು. ಅವರ ಕೆರೆಗೆ ನಾಲೆ ನೀರು ಹೋಗಬೇಕಾದರೆ ನಮ್ಮೂರ ಕಾಲುವೆ ಹೂಳು ತೆಗೆಸಬೇಕು. ಅದಕ್ಕೆ ಕೊಟ್ಟರು. ಇವನು ಉಂಡ. ಈಗ ನಿಲ್ಲಿಸಿದ್ದಾರೆ.

ನ. 5

ರಂಗನಾಥ್ ಬಂದಿದ್ದ. "ಭಾವ, ನೀವು ಓದಿದೋರು. ಸಾಹುಕಾರ್ರ ಹತ್ರ ಒಂದ್ ಮಾತು ಹೇಳಿ." ಎಲೆಕ್ಷನ್ ಹತ್ತಿರ. ಬಾಡೂಟ ನಿಂತರೆ ಇವನ ಹಿಂದೆ ನಾಯಿಯೂ ಬರೋದಿಲ್ಲ.

"ನನ್ನ ತಮ್ಮನ ಕೈ ಬಿಡಬೇಡಿ" ಅಂದೇ ಹೋದ ವರ್ಷ ಕಣ್ಣು ಮುಚ್ಚಿದ್ದಳು ನನ್ನ ಹೆಂಡತಿ ಮಂಗಳಾ. ಬೇರೇನಾದರೂ ಕೇಳಬಾರದಿತ್ತೆ.

ನ. 9, ಭಾನುವಾರ

ಹೋಗಿದ್ದೆವು. ವೀರಭದ್ರಯ್ಯ ಅಟ್ಟದಿಂದ ಇಳಿಸಿದ ಕಾಯಿಗಳನ್ನ ಒಂದೊಂದೇ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಗುಡ್ಡೆಗೆ. ಸದ್ದಿಲ್ಲದಿದ್ದರೆ ಕೆಟ್ಟದ್ದು, ಮೂಲೆಗೆ.

"ಯಜಮಾನ್ರೇ, ಇದೊಂದ್ ಸಲ—" ಅಂದ ಇವನು.

"ಕಾಯಿನ ಅಟ್ಟದಲ್ಲಿ ಒಂದು ವರ್ಷ ಇಡ್ತೀವಿ. ನಿನ್ನ ಮೂರು ಎಲೆಕ್ಷನ್ ಇಟ್ಟಿದ್ದೆ ಕಣಪ್ಪ. ಅಲ್ಲಾಡಿಸಿದ್ರೆ ಸದ್ದೇ ಇಲ್ಲ."

"ಎದುರು ಪಾರ್ಟಿ ಹುಚ್ಚರಂಗಯ್ಯ ಅಡ್ಡ ಹಾಕ್ದ, ಇಲ್ದಿದ್ರೆ..."

"ಅವನಿಗೂ ನಾನೇ ಕೊಡ್ತಿದ್ದೆ. ಅವನು ನಿನ್ನ ಹೆಸರು ಹೇಳ್ತಾನೆ. ಕಾಲುವೇಲಿ ಜಾಲಿ ಬೆಳ್ಕೊಂಡದೆ."

ನಮ್ಮೂರಿನ ಗತಿ ಏನು ಅಂತ ಕೇಳಿದೆ.

"ಅದು ನಂಗ್ಯಾಕೆ ಸ್ವಾಮಿ? ಪೈಪ್ ಹಾಕಿಸ್ತಾ ಇದೀನಿ. ನಿಮ್ಮೂರ ಬಳಸ್ಕಂಡು ಬತ್ತದೆ ನೀರು."

ಊರು ಹಾಳಾಯ್ತಲ್ಲಾ ಅಂತ ನಿಲ್ಲಿಸಿದ್ದಲ್ಲ. ತನ್ನ ಕೆರೆ ತುಂಬಲಿಲ್ಲ ಅಂತ. ಕಳ್ಳನಿಗಿಂತ ಸಾಹುಕಾರ ವಾಸಿ ಅಂತಲ್ಲ, ಲೆಕ್ಕದಲ್ಲಿ ಚುರುಕು, ಅಷ್ಟೇ. ಮಜ್ಜಿಗೆ ಕುಡಿದು ಎದ್ದೆವು.

ನ. 17, ಸೋಮವಾರ. ಸಂಜೆ

ರಂಗನಾಥ್ ಬಸ್ಸಿನಲ್ಲಿ ಬಂದ. ಒಬ್ಬನೇ. ಇಸ್ತ್ರಿಯಿಲ್ಲದ ಬಿಳಿ ಬಟ್ಟೆ. ಹಿಂಬಾಲಕರೆಲ್ಲ ಹುಚ್ಚರಂಗಯ್ಯನ ಕಡೆಗೆ — ಅವನ ಹತ್ರ ಉಳಿದ ದುಡ್ಡು ಇನ್ನೊಂದು ವಾರ ಬರುತ್ತೇನೋ, ಪಾಪ.

"ಭಾವ, ನಿಮ್ಮ ಅಟ್ಟದ ಕಾಯಿ ಕೊಬ್ಬರಿ ಆಗಿರ್ಬೇಕಲ್ಲ? ರೇಟೂ ಚೆನ್ನಾಗದೆ. ಅಕ್ಕ ಇದ್ದಿದ್ರೆ ಕೊಡೋಳು."

"ನಿಮ್ಮಕ್ಕ ಇದ್ದಿದ್ರೆ ಪೊರಕೆ ತಗೊಳ್ಳೋಳು" ಅಂದೆ. ಸುಳ್ಳು. ಕೊಡುತ್ತಿದ್ದಳು.

ಏಣಿ ಒಯ್ದು ಹಿತ್ತಲಲ್ಲಿಟ್ಟೆ. ನೋಡಿದ. ಜಗಲಿಯಿಂದ ಏಳಲಿಲ್ಲ.

ಕೈ ಬಿಡಬೇಡಿ ಅಂದಿದ್ದಳು. ಅಟ್ಟ ಹತ್ತಿಸಿ ಅನ್ನಲಿಲ್ಲ. ಇಬ್ಬರ ಮುದ್ದೆಗೆ ಎಸರಿಟ್ಟಿದ್ದೇನೆ. ಉಕ್ಕುತ್ತಿದೆ, ಉಳಿದದ್ದು ಉಂಡ ಮೇಲೆ ಬರೆ—