ಸಿಲಿಂಡರಿನ ಸ್ಪ್ಯಾನರು ಮತ್ತು ನನ್ನ ಕೈಚೀಲ

ಮಾನ್ಯ ಆಸ್ಪತ್ರೆಯ ಮೇಲಧಿಕಾರಿಗಳೇ,

ಹಿಂದಿನ ಎರಡು ಕರಡುಗಳಲ್ಲಿ ಬರೆಯದೆ ಬಿಟ್ಟದ್ದನ್ನು ಮೊದಲೇ ಹೇಳಿಬಿಡುತ್ತೇನೆ: ತಾವು ಹುಡುಕಿಸುತ್ತಿರುವ ಸ್ಪ್ಯಾನರು ನನ್ನ ಬಳಿ ಇದೆ. ಅದನ್ನು ಕಳೆದರೆಂದು ಆಯಾ ದ್ಯಾಮಮ್ಮನವರನ್ನು ಅಮಾನತಿನಲ್ಲಿಟ್ಟಿದ್ದೀರಿ. ಅವರ ಕೆಲಸ ಹೋಗುವುದೋ ಉಳಿಯುವುದೋ, ಬುಧವಾರದ ವಿಚಾರಣೆಯಲ್ಲಿ ತೀರ್ಮಾನ. ಇದು ಅನ್ಯಾಯ, ಅದರಲ್ಲಿ ಅರ್ಧ ನನ್ನದು.

ಸೈಕಲ್ಲಿನಿಂದ ಬಿದ್ದು ತೊಡೆ ಮುರಿದುಕೊಂಡ ನಮ್ಮ ಯಜಮಾನರು ತಮ್ಮ ವಾರ್ಡಿನಲ್ಲಿ ಎರಡು ವಾರ ಮಲಗಿದಲ್ಲೇ ಇದ್ದರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನನ್ನ ಟಿಫಿನ್ ಕ್ಯಾರಿಯರಿನ ಕೊಂಡಿ ಸಿಕ್ಕಿಕೊಂಡಿತು. ದ್ಯಾಮಮ್ಮ ಸ್ಪ್ಯಾನರು ತಂದು, "ತಗಳಿ ಟೀಚರಮ್ಮ, ಇಡೀ ವಾರ್ಡು ಇದ್ರಲ್ಲೇ ಊಟ ಬಿಚ್ಚೋದು" ಎಂದರು. ಬದನೆಕಾಯಿ ಪಲ್ಯ ಹೊರಬಂತು, ಸ್ಪ್ಯಾನರು ನನ್ನ ಚೀಲ ಸೇರಿತು. ಆಮ್ಲಜನಕದ ಸಿಲಿಂಡರನ್ನು ತೆರೆಯಲು ಆಸ್ಪತ್ರೆಯಲ್ಲಿರುವುದು ಅದೊಂದೇ ಎಂದು ನನಗೆ ಯಾರು ಹೇಳಿದ್ದರು?

ಮರುದಿನ ಶಸ್ತ್ರಚಿಕಿತ್ಸೆಯ ನಡುವೆಯೇ, ಅವರ ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಡ್ಡ ಕೂತಿತು. ಉಸಿರು ನಿಲ್ಲುತ್ತಿತ್ತು. ತುಂಬಿದ ಸಿಲಿಂಡರು ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು ಮೂಲೆಯಲ್ಲಿ ನಿಂತೇ ಇತ್ತು. ಎಲ್ಲರೂ ಸ್ಪ್ಯಾನರಿಗಾಗಿ ಓಡಾಡಿದರು. ನಾನೂ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬೆಂಚಿನಡಿ ಬಗ್ಗಿ ನೋಡಿದೆ. ಚೀಲದ ನೆನಪು ಬರಲೇ ಇಲ್ಲವೇ? ಬರಲಿಲ್ಲವೆಂದೇ ನಂಬಿದ್ದೇನೆ. ಬೆರಳಿಗೆ ಪಟ್ಟಿ ಕಟ್ಟಿಸಲು ಬಂದಿದ್ದ ಮೆಕ್ಯಾನಿಕ್ ಲತೀಫ್, "ಏನ್ ಮಾರಾಯ್ರೇ, ಒಂದು ಸ್ಪ್ಯಾನರ್‌ಗೆ ಇಷ್ಟು ಗಲಾಟೆನಾ?" ಎಂದು ತಮ್ಮ ಜೇಬಿನದನ್ನು ತೆಗೆದುಕೊಂಡು ಒಳನುಗ್ಗಿದರು. ಗಾಳಿ ಬಂತು. ವೈದ್ಯರು ಒಂದು ಗಂಟೆ ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ಕೊಟ್ಟರು. ಎಚ್ಚರವಾದಾಗ ನಮ್ಮ ಯಜಮಾನರು ಆಡಿದ ಮೊದಲ ಮಾತು: "ನಿನ್ನೆ ಪಲ್ಯಕ್ಕೆ ಉಪ್ಪು ಕಮ್ಮಿ ಇತ್ತು."

ಆಮೇಲೆ ತಮ್ಮ ಕಚೇರಿ ಎಚ್ಚೆತ್ತಿತು. ಚಪ್ಪಲಿ ಕಾಲಲ್ಲಿ ಒಳಹೊಕ್ಕದ್ದಕ್ಕೆ ಲತೀಫರಿಗೆ ನೋಟಿಸು. ಹೊಸ ಸ್ಪ್ಯಾನರು ತಮ್ಮ ಬೀರುವಿನಲ್ಲಿ ಭದ್ರ, ಬೀಗದ ಕೈ ತಮ್ಮ ಬಳಿ. ಮಂಗಳವಾರ, ಶುಕ್ರವಾರ ತಾವು ಶಿವಮೊಗ್ಗದಲ್ಲಿ. ಆ ಎರಡು ದಿನ ಯಾರ ರಕ್ತವೂ ಹೆಪ್ಪುಗಟ್ಟಕೂಡದೆಂದು ಸುತ್ತೋಲೆ ಹೊರಡಿಸುವಿರಾ? ಅಂಚೆ ಕಚೇರಿಯವರು ಎರಡಾಣೆಯ ಪೆನ್ನಿಗೂ ದಾರ ಕಟ್ಟಿಡುತ್ತಾರೆ, ಸ್ವಾಮಿ!

ದ್ಯಾಮಮ್ಮನವರನ್ನು ಕೆಲಸಕ್ಕೆ ಕರೆಯಿರಿ. ಲತೀಫರ ನೋಟಿಸು ಹಿಂತೆಗೆಯಿರಿ. ಸ್ಪ್ಯಾನರನ್ನು ಸಿಲಿಂಡರಿನ ಕುತ್ತಿಗೆಗೇ ಕಟ್ಟಿಸಿ. ಹಳೆಯದನ್ನು ವಿಚಾರಣೆಗೆ ನಾನೇ ತರುತ್ತೇನೆ; ಸರಪಳಿ ಲತೀಫರು ಕೊಟ್ಟಿದ್ದಾರೆ.

ಇಂತಿ,
ಚೀಲ ಬಿಟ್ಟು ಬೆಂಚಿನಡಿ ಹುಡುಕಿದ
ಹಾಜರಾ, ಶಾಲಾ ಶಿಕ್ಷಕಿ
ಓಲ್ಡ್ ಟೌನ್, ಭದ್ರಾವತಿ

ನಮ್ಮ ಯಜಮಾನರನ್ನು ಇಪ್ಪತ್ಮೂರಕ್ಕೆ ಮನೆಗೆ ಕಳಿಸುತ್ತಾರಂತೆ. ಅವರಿನ್ನೂ ತಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿರುವುದರಿಂದ, ಅದಾದ ಮೇಲೆ ಪತ್ರ ಹಾಕೋಣವೆಂದುಕೊಂಡಿದ್ದೆ. ಆದರೆ ವಿಚಾರಣೆ ಇಪ್ಪತ್ತಕ್ಕೆ. ಅಂಚೆಗೆ ಹಾಕುವ ದಿನ: ಸೋಮವಾರ, 18-6-1962.