ಹಸಿರು ಮುಚ್ಚಳದ ಟ್ಯೂಬು

ಬಜಾಜ್ ನಗರ, ನಾಗಪುರ

ಪ್ರಯೋಗಾಲಯದ ಸೌಜನ್ಯಾ ಅವರಿಗೆ,

ನೀವು ಫೋನಿನಲ್ಲಿ ಕನ್ನಡ ಮಾತಾಡಿದಿರಿ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಮಗಳು ವಾಣಿಶ್ರೀಯ ರಕ್ತವನ್ನು ವಾರ್ಡಿನವರು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಳಿಸಿದ್ದರು. "ಹೆಪ್ಪುಗಟ್ಟಬಾರದಂತ ಅದರಾಗ ಹಾಕಿರೋ ಔಷಧ ಕ್ಯಾಲ್ಸಿಯಂ ಹಿಡಿದಿಡ್ತೈತ್ರಿ. ಅದಿಲ್ದ ರೋಗದ ಜೋಡಿ ಕಾದಾಡೋ ಕಣ, ಪರೀಕ್ಷೆಗಂತ ಎಷ್ಟು ಕೆಣಕಿದ್ರೂ ಏಳಂಗಿಲ್ಲ. ಕ್ಯಾಲ್ಸಿಯಂ ಹಿಡೀದಿರೋ ಹೆಪಾರಿನ್ ಔಷಧದ ಹಸಿರು ಮುಚ್ಚಳದ್ದು ಕಳಸ್ತೀನಿ, ಜಲ್ದಿ ತುಂಬಿಸಿ ಕೊಡ್ರಿ," ಅಂದಿರಿ.

ಹಸಿರು ಟ್ಯೂಬು ವಾರ್ಡಿಗೆ ಬಂದಾಗ ವಾಣಿಯ ಮಂಚ ಖಾಲಿಯಾಗಿತ್ತು. ಟ್ಯೂಬನ್ನೂ ಖಾಲಿಯಾಗಿಯೇ ಹಿಂದಿರುಗಿಸುತ್ತಿದ್ದೇನೆ. ದಯವಿಟ್ಟು ಮತ್ತೆ ಫೋನ್ ಮಾಡಬೇಡಿ. ಗಂಟೆ ಕೇಳಿದರೆ ಅವಳ ಅಪ್ಪ ಇನ್ನೂ ವಾರ್ಡಿನಿಂದಲೇ ಎಂದು ಓಡಿಬರುತ್ತಾರೆ.

ಮೊದಲೇ ಹಸಿರಿನದರಲ್ಲಿ ಕಳಿಸಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಕೇಳುವುದಿಲ್ಲ. ನೀವು ಹೌದೆಂದರೂ ತಾಳಲಾರೆ, ಇಲ್ಲವೆಂದರೂ ತಾಳಲಾರೆ.

ಒಂದೇ ಕೋರಿಕೆ. ನೇರಳೆ ಟ್ಯೂಬು ಇನ್ನೂ ನಿಮ್ಮಲ್ಲಿದ್ದರೆ, ಚೆಲ್ಲುವ ಮುಂಚೆ ಒಂದು ಸಾಲು ಬರೆದು ತಿಳಿಸಿ, ಬರುತ್ತೇನೆ. ಶಾಲೆಗೆ ಹೊತ್ತಾದರೂ ಅವಳು ನೀವು ಹೇಳಿದ ಆ ಕಣಗಳ ಹಾಗೇ, ಎಷ್ಟು ಕೂಗಿದರೂ ಏಳುತ್ತಿರಲಿಲ್ಲ. ದಿನಾ ಬೈದು ಎಬ್ಬಿಸುತ್ತಿದ್ದೆ. ಈ ಸಲ ಎಬ್ಬಿಸುವುದಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತಿದ್ದು ಬರುತ್ತೇನೆ.

ಇಂತಿ,
ಸುವರ್ಣಾ
ವಾಣಿಶ್ರೀಯ ಅವ್ವ